ಕಿನೆಕ್ಟ್ ಸೇರಿಸಿ ರೇಟು ಏರಿಸಿದ್ದು ಸರಿಯಾ? (ಶಿರಾ ಗೇಟಿನ ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ ನೆಪದಲ್ಲಿ)

ಬಟವಾಡಿ_ಹುಡುಗ
ತುಮಕೂರಿನ ಗೇಮರ್‌ಗಳಿಗೆಲ್ಲಾ ನಮಸ್ಕಾರ. ಶಿರಾ ಗೇಟ್ ಹತ್ತಿರ ಒಬ್ಬರು ಹಳೇ ಎಕ್ಸ್‌ಬಾಕ್ಸ್ ಒನ್ (ಟಿವಿಗೆ ಸಿಕ್ಕಿಸಿ ಆಡುವ ಮೈಕ್ರೋಸಾಫ್ಟ್‌ನ ಗೇಮ್ ಮಷಿನ್) ಮಾರುತ್ತಿದ್ದಾರೆ. ಮಷಿನ್ ಮತ್ತು ಒಂದು ಕಂಟ್ರೋಲರ್ ಮಾತ್ರ ಆದರೆ 9,000. ಕಿನೆಕ್ಟ್ ಸೇರಿಸಿದರೆ 11,500. ಕಿನೆಕ್ಟ್ ನೋಡದವರಿಗೆ ಹೇಳುತ್ತೇನೆ: ಟಿವಿ ಪಕ್ಕ ಇಡುವ ಕ್ಯಾಮೆರಾ ಡಬ್ಬ ಅದು. ಕೈಯಲ್ಲಿ ಏನೂ ಹಿಡಿಯಬೇಕಾಗಿಲ್ಲ, ನಮ್ಮ ಮೈ ಅಲ್ಲಾಡಿದ ಹಾಗೆ ಪರದೆ ಮೇಲಿನ ಬೊಂಬೆ ಅಲ್ಲಾಡುತ್ತದೆ.

ಮನೆಯಲ್ಲಿ ಅಮ್ಮ ಇದ್ದಾರೆ, ರಜೆಗೆ ತಂಗಿ ಮಗ ಬರುತ್ತಾನೆ. 2,500 ಜಾಸ್ತಿ ಕೊಡಬಹುದಾ? ಇನ್ನೊಂದು ವಿಷಯ. ಎಕ್ಸ್‌ಬಾಕ್ಸ್ ಒನ್ ಸೋತಿದ್ದೇ ಈ ಡಬ್ಬ ಕಟ್ಟಿಕೊಂಡು ಬಂದಿದ್ದಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ, ಸುಮ್ನೆ ಮಾತಾ?

ಕುಣಿಗಲ್_ಕುದುರೆ
ನಿಜ ಗುರು. 2013ರ ನವೆಂಬರ್ 15ಕ್ಕೆ ಅಮೆರಿಕದಲ್ಲಿ ಎದುರಾಳಿ ಸೋನಿಯ ಮಷಿನ್ ಪಿಎಸ್ 4 ಬಂತು, 399 ಡಾಲರ್. ಒಂದು ವಾರ ಬಿಟ್ಟು 22ಕ್ಕೆ ಎಕ್ಸ್‌ಬಾಕ್ಸ್ ಒನ್ ಬಂತು, 499 ಡಾಲರ್. ಜಾಸ್ತಿಯಾದ ಆ 100 ಡಾಲರ್ ಕಿನೆಕ್ಟ್‌ದು. ನನಗೆ ಬೇಡ, ಬರೀ ಮಷಿನ್ ಕೊಡಿ ಅನ್ನುವ ಹಾಗೇ ಇರಲಿಲ್ಲ. ಸೋನಿಯವರ ಹತ್ತಿರವೂ ಕ್ಯಾಮೆರಾ ಇತ್ತು. ಬೇಕಾದವರು ಬೇರೆ ತಗೊಳ್ಳಿ ಅಂತ ಪಕ್ಕಕ್ಕಿಟ್ಟರು.

ನಮ್ಮ ಕಡೆ ಮಳೆ ಬಿದ್ದ ಮೇಲೆ ಯೂರಿಯಾಗೆ ಹೋದರೆ ಗೊತ್ತಲ್ಲ. ಎರಡು ಮೂಟೆ ಬೇಕು ಅಂದರೆ ಜೊತೆಗೆ ಇನ್ನೇನೋ ಒಂದು ಬಾಟ್ಲಿ ತಗೊಳ್ಳಲೇಬೇಕು. ‘ಲಿಂಕ್ ಇದೆ’ ಅನ್ನುತ್ತಾರೆ. ಅಪ್ಪ ಬೈದುಕೊಂಡು ತರುತ್ತಾರೆ. ನಮ್ಮ ಅಟ್ಟದ ಮೇಲೆ ಅಂಥ ನಾಲ್ಕು ಬಾಟ್ಲಿ ಮುಚ್ಚಳ ತೆಗೆಯದೆ ಕೂತಿವೆ. ಕಿನೆಕ್ಟ್ ಅಂದರೆ ಅದೇ, ಲಿಂಕ್ ಗೊಬ್ಬರ.

ಮೇಷ್ಟ್ರು_ಕ್ಯಾತ್ಸಂದ್ರ
ಕುದುರೆ ಯಾವಾಗಲೂ ಓಡಿಬಿಡುತ್ತದೆ. ಸ್ವಲ್ಪ ನಿಲ್ಲಪ್ಪ.

ಜೊತೆಗೆ ಕೊಡದಿದ್ದರೆ ಇಂಥ ಸಾಧನ ಬದುಕುವುದೇ ಕಷ್ಟ. ಗೇಮ್ ಮಾಡುವವನ ಜಾಗದಲ್ಲಿ ಕೂತು ನೋಡು. ಹತ್ತು ಮನೆಯಲ್ಲಿ ಎರಡರಲ್ಲಿ ಮಾತ್ರ ಕ್ಯಾಮೆರಾ ಇದ್ದರೆ ಅವನು ಉಳಿದ ಎಂಟು ಮನೆಯನ್ನು ಯಾಕೆ ಬಿಡುತ್ತಾನೆ? ಹತ್ತಕ್ಕೆ ಹತ್ತರಲ್ಲೂ ಇದ್ದರೆ ಧೈರ್ಯವಾಗಿ ಕೈ ಹಾಕುತ್ತಾನೆ. ಸಾಧನ ಇಲ್ಲ ಅಂತ ಗೇಮ್ ಇಲ್ಲ, ಗೇಮ್ ಇಲ್ಲ ಅಂತ ಸಾಧನ ಯಾರೂ ತಗೊಳ್ಳಲ್ಲ. ಈ ಗಂಟು ಬಿಚ್ಚುವುದಕ್ಕೇ ಡಬ್ಬದಲ್ಲಿ ಸೇರಿಸಿ ಕೊಡುವುದು.

2006ರಲ್ಲಿ ನಿಂಟೆಂಡೊ ಮಾಡಿದ್ದೂ ಅದೇ ಅಲ್ವಾ? ವೀ ಅನ್ನುವ ತಮ್ಮ ಮಷಿನ್ ಜೊತೆ ಬೀಸಿ ಆಡುವ ರಿಮೋಟ್ ಕೊಟ್ಟರು. ಜಪಾನ್ ಬಿಟ್ಟು ಹೆಚ್ಚಿನ ಕಡೆ ವೀ ಸ್ಪೋರ್ಟ್ಸ್ ಗೇಮನ್ನೂ ಡಬ್ಬದಲ್ಲೇ ಹಾಕಿದರು. 10 ಕೋಟಿಗಿಂತ ಜಾಸ್ತಿ ಮಾರಾಟವಾಯಿತು. ಅದೂ ಲಿಂಕೇ. ಯಾರೂ ಬೈಯಲಿಲ್ಲ.

ಕುಣಿಗಲ್_ಕುದುರೆ
ಮೇಷ್ಟ್ರೇ, ನೀವು ನನ್ನ ಪರವೇ ಸಾಕ್ಷಿ ಹೇಳಿದಿರಿ. ವೀ ಎಷ್ಟಕ್ಕೆ ಬಂತು? 249 ಡಾಲರ್ 99 ಸೆಂಟ್. ಅದೇ ತಿಂಗಳು ಬಂದ ಸೋನಿಯ ಪಿಎಸ್ 3 ಎಷ್ಟು? ಒಂದು ಮಾಡೆಲ್ 499, ಇನ್ನೊಂದು 599. ನಿಂಟೆಂಡೊ ಹೊಸ ಆಟಿಕೆ ಸೇರಿಸಿಯೂ ಎದುರಿನವನ ಅರ್ಧ ರೇಟಿಗೆ ಕೊಟ್ಟಿತು. ಮೈಕ್ರೋಸಾಫ್ಟ್ ಸೇರಿಸಿ 100 ಡಾಲರ್ ಜಾಸ್ತಿ ಕೇಳಿತು. ಸೀರೆ ಜೊತೆ ಬ್ಲೌಸ್ ಪೀಸ್ ಬಂದರೆ ಯಾರು ಬೇಡ ಅನ್ನುತ್ತಾರೆ? ಬ್ಲೌಸ್ ಪೀಸಿಗೆ ಬೇರೆ ಬಿಲ್ಲು ಹಾಕಿ, ತಗೊಳ್ಳಲೇಬೇಕು ಅಂದರೆ ಜಗಳ ಆಗುತ್ತದೆ.

ಇನ್ನೊಂದು. ವೀ ರಿಮೋಟೇ ಅದರ ಕಂಟ್ರೋಲರ್. ಅದಿಲ್ಲದೆ ವೀನೇ ಇಲ್ಲ. ಎಕ್ಸ್‌ಬಾಕ್ಸ್‌ಗೆ ಮಾಮೂಲಿ ಕಂಟ್ರೋಲರ್ ಹೇಗೂ ಇತ್ತು. ಕಿನೆಕ್ಟ್ ಅದರ ಮೇಲೊಂದು.

ಪಾರ್ಲರ್_ಅಣ್ಣ
ನಾನು 2012ರಿಂದ 2016ರವರೆಗೆ ಒಂದು ಕಾಲೇಜಿನ ಪಕ್ಕದ ರಸ್ತೆಯಲ್ಲಿ ಗೇಮಿಂಗ್ ಪಾರ್ಲರ್ ನಡೆಸಿದವನು. ಕಿನೆಕ್ಟ್ ಕಟ್ಟಿಕೊಂಡು ಲೆಕ್ಕ ಹಾಕಿದ ಅನುಭವ ನನಗಿದೆ, ಕೇಳಿ.

ಅಂಗಡಿ ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಮೂರು ಟಿವಿಯಲ್ಲಿ ಫುಟ್ಬಾಲ್, ಹಿಂದಿನ ಮೂಲೆಯಲ್ಲಿ ಒಂದು ಎಕ್ಸ್‌ಬಾಕ್ಸ್ 360 (ಒನ್‌ಗಿಂತ ಹಿಂದಿನ ಮಷಿನ್) ಜೊತೆ ಕಿನೆಕ್ಟ್. ಆ ಹಳೇ ಕಿನೆಕ್ಟಿಗೆ ಒಬ್ಬರು ಆಡಲು ಆರಡಿ ದೂರ ಬೇಕು, ಇಬ್ಬರಿಗೆ ಎಂಟಡಿ. ಅಂದರೆ ಆ ಮೂಲೆಯಲ್ಲಿ ಕುರ್ಚಿ ಹಾಕುವ ಹಾಗಿಲ್ಲ. ಅದೇ ಜಾಗದಲ್ಲಿ ಎರಡು ಟಿವಿ ಇಟ್ಟು ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರೆ ತಲೆಗೆ 30ರಂತೆ ಗಂಟೆಗೆ 120 ಬರುತ್ತಿತ್ತು. ಕಿನೆಕ್ಟಿಗೆ ತಲೆಗೆ 40 ಇಟ್ಟಿದ್ದೆ, ಇಬ್ಬರಿಗೆ 80.

ಅದೂ ಪೂರ್ತಿ ಗಂಟೆ ಆಡಿದರೆ! ಫುಟ್ಬಾಲ್ ಹುಡುಗರು ಕ್ಲಾಸ್ ಬಂಕ್ ಹಾಕಿ ಬಂದರೆ ಮೂರು ಗಂಟೆ ಅಲುಗಾಡುತ್ತಿರಲಿಲ್ಲ. ಕಿನೆಕ್ಟ್‌ನವರು ಇಪ್ಪತ್ತು ನಿಮಿಷಕ್ಕೆ ಬೆವರು ಒರೆಸಿಕೊಂಡು ‘ಅಣ್ಣಾ ನೀರು’ ಅನ್ನುತ್ತಿದ್ದರು. ಹಿಂದೆ ನಿಂತು ನೋಡುವವರು ಬೇರೆ, ಒಂದು ಹೆಜ್ಜೆ ಮುಂದೆ ಬಂದರೆ ಅವರೇ ಆಟದೊಳಗೆ. ಒಂದು ಸಲ ಬಿಂದಿಗೆ ಹಿಡಿದು ಬಂದ ನೀರಿನ ಹುಡುಗ ಬಾಕ್ಸಿಂಗ್‌ಗೆ ಸೇರಿಕೊಂಡುಬಿಟ್ಟಿದ್ದ.

ಆದರೆ ಒಂದು ಮಾತು ಹೇಳಲೇಬೇಕು. ಹೊಸ ಗಿರಾಕಿ ಒಳಗೆ ಬರುತ್ತಿದ್ದದ್ದೇ ಕಿನೆಕ್ಟ್ ನೋಡಿಕೊಂಡು. ರಸ್ತೆಯಲ್ಲಿ ಹೋಗುವ ಹೆಂಗಸರು, ಮಕ್ಕಳು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಫುಟ್ಬಾಲ್ ನೋಡಿ ಯಾರೂ ನಿಂತಿಲ್ಲ. ಕರೆಯುವುದು ಅದು, ದುಡಿಯುವುದು ಇದು. ಬರೀ ಕರೆಯುವುದಕ್ಕೆ 100 ಡಾಲರ್ ಕೊಡಿ ಅಂದರೆ ಕೊಡುವವರು ಕಡಿಮೆ.

ಲತಾ_ಎಸ್‌ಎಸ್‌ಪುರಂ
ಗಂಡಸರ ಲೆಕ್ಕವೆಲ್ಲ ಮುಗಿಯಿತಾ? ನಮ್ಮ ಮನೆ ಕಥೆ ಕೇಳಿ.

ನಮ್ಮಲ್ಲೂ 360 ಮತ್ತು ಕಿನೆಕ್ಟ್ ಇದೆ, ಈಗಲೂ ಓಡುತ್ತದೆ. 30x40 ಸೈಟಿನ ಮನೆ, ಹಾಲ್ ಎಷ್ಟಿರುತ್ತದೆ ನಿಮಗೇ ಗೊತ್ತು. ಆಡಬೇಕು ಅಂದರೆ ಮೊದಲು ಟೀಪಾಯಿ ಅಡುಗೆಮನೆಗೆ ಹೋಗಬೇಕು, ದಿವಾನ ಗೋಡೆಗೆ ಒತ್ತಬೇಕು. ಎಲ್ಲಿ ನಿಲ್ಲಬೇಕು ಅನ್ನುವುದು ಅತ್ತೆಗೆ ಪ್ರತಿಸಲ ಮರೆಯುತ್ತಿತ್ತು. ಕೊನೆಗೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದೆ. ‘ಇದರ ಹಿಂದೆ ನಿಲ್ಲಿ ಅತ್ತೆ, ದಾಟಬೇಡಿ.’ ‘ಇದೇನೇ ಲಕ್ಷ್ಮಣ ರೇಖೆ’ ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೌಲಿಂಗ್‌ಗೆ ನಿಂತರು. ಮೊದಲ ಚೆಂಡು ಪಕ್ಕದ ಗುಂಡಿಗೆ. ಎರಡನೆಯದಕ್ಕೆ ಏಳು ಪಿನ್ ಬಿದ್ದವು. ಆವತ್ತು ಸಂಜೆ ಧಾರಾವಾಹಿ ಹಾಕಲೇ ಇಲ್ಲ.

ಅವರಿಗೆ ಕಂಟ್ರೋಲರ್ ಕೊಟ್ಟರೆ ಯಾವ ಬಟನ್ ಅಂತ ಹುಡುಕುವುದರಲ್ಲೇ ಆಟ ಮುಗಿಯುತ್ತದೆ. ಕೈ ಬೀಸುವುದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾತ್ರಿಯೆಲ್ಲಾ ಹೆಡ್‌ಫೋನ್ ಹಾಕಿಕೊಂಡು ಗುಂಡು ಹಾರಿಸುವವರಿಗೆ ಇದು ಲಿಂಕ್ ಗೊಬ್ಬರ ಇರಬಹುದು. ನಮ್ಮ ಮನೆಯಲ್ಲಿ ಬೆಳೆ ಬಂದಿದ್ದೇ ಅದರಿಂದ.

ಕುಣಿಗಲ್_ಕುದುರೆ
ಲತಾ ಅಕ್ಕ, ಒಪ್ಪಿದೆ. ಆದರೆ ನೀವು ಬೇಕು ಅಂತ ತಗೊಂಡಿರಿ. 360 ಬೇರೆ, ಕಿನೆಕ್ಟ್ ಬೇರೆ ಸಿಗುತ್ತಿದ್ದ ಕಾಲ ಅದು. 2010ರ ನವೆಂಬರಿನಲ್ಲಿ 149 ಡಾಲರಿಗೆ ಬೇರೆಯಾಗಿ ಬಂದು 60 ದಿನದಲ್ಲಿ 80 ಲಕ್ಷ ಮಾರಾಟವಾಯಿತು, ಗಿನ್ನೆಸ್ ದಾಖಲೆಯೂ ಆಯಿತು. ಯಾರೂ ಯಾರ ಕುತ್ತಿಗೆ ಹಿಡಿದಿರಲಿಲ್ಲ. ಮೂರೇ ವರ್ಷಕ್ಕೆ ಅದನ್ನೇ ಕಡ್ಡಾಯ ಮಾಡಿದಾಗ ಜನ ತಿರುಗಿಬಿದ್ದರು. ನನ್ನ ತಕರಾರು ಸಾಧನದ ಮೇಲಲ್ಲ.

ಪಾವಗಡ_ಬಿಸಿಲು
ರೇಟಿನ ಜೊತೆ ಇನ್ನೊಂದು ಬೆಲೆ ತೆತ್ತರು, ಅದನ್ನು ಯಾರೂ ಹೇಳುತ್ತಿಲ್ಲ. ಮಷಿನ್‌ನ ಗ್ರಾಫಿಕ್ಸ್ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲನ್ನು ಕಿನೆಕ್ಟ್ ಮತ್ತು ಸಿಸ್ಟಮ್ ಕೆಲಸಕ್ಕೆ ಎತ್ತಿಟ್ಟಿದ್ದರು. ಗೇಮ್‌ನವರು ಅದನ್ನು ಮುಟ್ಟುವಂತಿರಲಿಲ್ಲ. ಪಿಎಸ್ 4ರ ಗ್ರಾಫಿಕ್ಸ್ ಚಿಪ್ ಮೊದಲೇ ಜೋರು. ಅದರ ಮೇಲೆ ಇದು. ಬಿಡುಗಡೆಯ ಹೊತ್ತಿನ ಕಾಲ್ ಆಫ್ ಡ್ಯೂಟಿ: ಘೋಸ್ಟ್ಸ್ ಗೇಮ್ ಪಿಎಸ್ 4ರಲ್ಲಿ 1080ಪಿ, ಎಕ್ಸ್‌ಬಾಕ್ಸ್ ಒನ್‌ನಲ್ಲಿ 720ಪಿ (ಸಂಖ್ಯೆ ದೊಡ್ಡದಾದಷ್ಟು ಚಿತ್ರ ಸ್ಪಷ್ಟ). ಜಾಸ್ತಿ ದುಡ್ಡು, ಕಡಿಮೆ ಚಿತ್ರ. ಅಂಗಡಿಯಲ್ಲಿ ನಿಂತ ಗಿರಾಕಿಗೆ ಏನಂತ ಹೇಳುವುದು?

2014ರ ಮೇ 13ಕ್ಕೆ ಮೈಕ್ರೋಸಾಫ್ಟ್‌ನವರು ಕೈ ಎತ್ತಿದರು. ಜೂನ್ 9ರಿಂದ ಕಿನೆಕ್ಟ್ ಇಲ್ಲದ ಮಷಿನ್, 399 ಡಾಲರ್. ಎತ್ತಿಟ್ಟಿದ್ದ ಆ ಪಾಲನ್ನೂ ಅದೇ ಜೂನ್‌ನಲ್ಲಿ ಗೇಮ್‌ನವರಿಗೆ ಬಿಟ್ಟುಕೊಟ್ಟರು. ಕಡ್ಡಾಯ ಏಳು ತಿಂಗಳೂ ಬಾಳಲಿಲ್ಲ.

ಆದರೆ ಒನ್ ಜೊತೆ ಬಂದ ಕಿನೆಕ್ಟ್ ಡಬ್ಬದ ಒಳಗಿನ ಕೆಲಸ ಸಣ್ಣದಲ್ಲ. ಬೆಳಕು ಹೋಗಿ ಮೈಗೆ ತಾಗಿ ವಾಪಸ್ ಬರುವ ಹೊತ್ತಿನ ಮೇಲೆ ದೂರ ಲೆಕ್ಕ ಹಾಕುತ್ತದೆ. 360ರ ಕಿನೆಕ್ಟ್‌ನದ್ದು ಬೇರೆ ವಿಧಾನ: ಕಣ್ಣಿಗೆ ಕಾಣದ ಚುಕ್ಕಿಗಳನ್ನು ಕೋಣೆ ತುಂಬಾ ಚೆಲ್ಲಿ, ಅವು ಹೇಗೆ ಸೊಟ್ಟಗಾದವು ಅಂತ ನೋಡುವುದು. ಅದನ್ನು ಮಾಡಿದ ಪ್ರೈಮ್‌ಸೆನ್ಸ್ ಅನ್ನುವ ಇಸ್ರೇಲಿ ಕಂಪನಿಯನ್ನು ಆಪಲ್ 2013ರಲ್ಲಿ ಕೊಂಡುಕೊಂಡಿತು. ಈಗ ಐಫೋನ್ ಮುಖ ನೋಡಿ ಬೀಗ ತೆಗೆಯುತ್ತದಲ್ಲ, ಅದೂ ಚುಕ್ಕಿ ಚೆಲ್ಲುವ ಕೆಲಸವೇ. ನಾನು ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟ್ ಮಾಡಿದ್ದೂ ಒಂದು ಹಳೇ 360 ಕಿನೆಕ್ಟ್‌ನಲ್ಲೇ. ನಮ್ಮ ಬಜೆಟ್‌ಗೆ ಸಿಕ್ಕ ಒಂದೇ ದೂರ ಅಳೆಯುವ ಕ್ಯಾಮೆರಾ ಅದು.

ಕುಣಿಗಲ್_ಕುದುರೆ
ಮನೆಯೊಳಗೆ ಯಾವಾಗಲೂ ಕಣ್ಣು, ಕಿವಿ ತೆರೆದಿರುವ ಡಬ್ಬ ಅನ್ನುವ ಭಯವೂ ಇತ್ತು. ಮೊದಲು ಕಿನೆಕ್ಟ್ ಸಿಕ್ಕಿಸದಿದ್ದರೆ ಮಷಿನ್ ಕೆಲಸ ಮಾಡಲ್ಲ ಅಂದಿದ್ದರು. 2013ರ ಆಗಸ್ಟ್‌ನಲ್ಲಿ, ಬಿಡುಗಡೆಗೂ ಮೊದಲೇ, ಆ ಮಾತು ವಾಪಸ್ ತಗೊಂಡರು. ಸಿಕ್ಕಿಸುವುದು ಕಡ್ಡಾಯವಲ್ಲ, ಕೊಳ್ಳುವುದು ಮಾತ್ರ ಕಡ್ಡಾಯ! ಇದಕ್ಕಿಂತ ಚೆನ್ನಾಗಿ ಲಿಂಕ್ ಗೊಬ್ಬರವನ್ನು ಯಾರೂ ವಿವರಿಸಲಾರರು.

ಮೇಷ್ಟ್ರು_ಕ್ಯಾತ್ಸಂದ್ರ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನಕ್ಕುಬಿಟ್ಟೆ.

ಆದರೂ ನನ್ನ ಗಂಟು ಬಿಚ್ಚಿಲ್ಲ. ಬೇರೆ ಮಾಡಿದ ಮೇಲೆ ಏನಾಯಿತು? ಕಿನೆಕ್ಟ್‌ಗೆ ಅಂತ ಬರುವ ಗೇಮ್ ಬತ್ತಿಹೋಯಿತು. 2017ರ ಅಕ್ಟೋಬರಿನಲ್ಲಿ ಕಿನೆಕ್ಟ್ ತಯಾರಿಕೆಯನ್ನೇ ನಿಲ್ಲಿಸಿದೆವು ಅಂದರು. ಮೊದಲ ದಿನವೇ ಜೊತೆಗೊಂದು ವೀ ಸ್ಪೋರ್ಟ್ಸ್ ಥರದ ಗೇಮ್ ಹಾಕಿ ಕೊಟ್ಟಿದ್ದರೆ? ಅಂಥ ಗೇಮ್, ಕಿನೆಕ್ಟ್ ಸ್ಪೋರ್ಟ್ಸ್ ರೈವಲ್ಸ್, ಬಂದಿದ್ದು 2014ರ ಏಪ್ರಿಲ್‌ನಲ್ಲಿ. ಊಟಕ್ಕೆ ಕೂತವರು ಎದ್ದ ಮೇಲೆ ಪಾಯಸ ತಂದ ಹಾಗೆ. ಅವರ ತಪ್ಪು ಜೊತೆಗೆ ಕೊಟ್ಟಿದ್ದಲ್ಲ. ಕೊಟ್ಟ ದಿನ ಅದು ಯಾಕೆ ಬೇಕು ಅಂತ ತೋರಿಸಲಿಲ್ಲ.

ಮತ್ತೆ, ನಮ್ಮ ದೇಶದಲ್ಲಿ ಈ ಲಿಂಕ್ ಇರಲೇ ಇಲ್ಲ, ನೆನಪಿದೆಯಾ? ಇಲ್ಲಿಗೆ ಎಕ್ಸ್‌ಬಾಕ್ಸ್ ಒನ್ ಬಂದಿದ್ದೇ 2014ರ ಸೆಪ್ಟೆಂಬರ್ 23ಕ್ಕೆ. ಕಿನೆಕ್ಟ್ ಇಲ್ಲದೆ 39,990, ಕಿನೆಕ್ಟ್ ಇದ್ದರೆ 45,990. ಪಿಎಸ್ 4 ಆ ಜನವರಿಯಲ್ಲೇ 39,990ಕ್ಕೆ ಬಂದಿತ್ತು. ನಮಗೆ ಮೊದಲ ದಿನದಿಂದಲೇ ಆಯ್ಕೆ ಇತ್ತು. ಹಾಗಿದ್ದೂ ನನ್ನ ಪರಿಚಯದವರೆಲ್ಲ ಪಿಎಸ್ 4ಕ್ಕೇ ಹೋದರು. ಇದಕ್ಕೂ ಗೊಬ್ಬರವೇ ಕಾರಣವಾ ಕುದುರೆ?

ಕುಣಿಗಲ್_ಕುದುರೆ
ಎಂಟು ತಿಂಗಳು ತಡವಾಗಿ ಬಂದರೆ ಬೆಳೆ ಕೊಯ್ದಾಗಿರುತ್ತದೆ ಮೇಷ್ಟ್ರೇ. ಆಗ ಗೊಬ್ಬರ ಫ್ರೀ ಕೊಟ್ಟರೂ ಅಷ್ಟೇ.

ಜೊತೆಗೆ ಕೊಟ್ಟರೆ ಗೇಮ್ ಬಂದೇ ಬರುತ್ತದೆ ಅನ್ನುವುದನ್ನೂ ನಾನು ಒಪ್ಪಲ್ಲ. ವೀ ಆದ ಮೇಲೆ ನಿಂಟೆಂಡೊ ತಂದ ವೀ ಯು ಮಷಿನ್ ನೋಡಿ. 2012ರಲ್ಲಿ ಪ್ರತಿ ಡಬ್ಬದಲ್ಲೂ ಪರದೆ ಇರುವ ಆ ದೊಡ್ಡ ಗೇಮ್‌ಪ್ಯಾಡ್ ಇತ್ತು. ನಿಮ್ಮ ಲೆಕ್ಕದ ಪ್ರಕಾರ ಹತ್ತಕ್ಕೆ ಹತ್ತು ಮನೆ. ಕೊನೆಗೆ ಮಾರಾಟವಾಗಿದ್ದು 1.35 ಕೋಟಿ ಚಿಲ್ಲರೆ.

ಪಾರ್ಲರ್_ಅಣ್ಣ
ನೀವಿಬ್ಬರೂ 2013ರಲ್ಲೇ ಇರಿ. ಬಟವಾಡಿ ತಮ್ಮ ಇವತ್ತು ದುಡ್ಡು ಕೊಡುವವನು. ತಮ್ಮಾ, ಮಷಿನ್ ಯಾವುದು ಅಂತ ಮೊದಲು ನೋಡು. ದೊಡ್ಡದಾಗಿ, ಕಪ್ಪಗೆ, ಹೊರಗೆ ಇಟ್ಟಿಗೆಯಂಥ ಪವರ್ ಡಬ್ಬ ಇದ್ದರೆ ಅದು ಮೊದಲಿನ ಒನ್. ಅದರ ಹಿಂದೆ ಕಿನೆಕ್ಟ್ ಸಿಕ್ಕಿಸುವ ಜಾಗ ಇರುತ್ತದೆ. ಚಿಕ್ಕದಾಗಿದ್ದು ಪವರ್ ಡಬ್ಬ ಹೊರಗಿಲ್ಲ ಅಂದರೆ ಅದು 2016ರಲ್ಲಿ ಬಂದ ಒನ್ ಎಸ್. ಅದರಲ್ಲಿ ಆ ಜಾಗವನ್ನೇ ತೆಗೆದಿದ್ದಾರೆ, ಅಡಾಪ್ಟರ್ ಬೇಕು. ಅಡಾಪ್ಟರ್ ತಯಾರಿಕೆಯೂ 2018ರ ಶುರುವಿನಲ್ಲೇ ನಿಂತಿದೆ. ಕಿನೆಕ್ಟ್ ಸಿಕ್ಕಿಸಿ, ಆಡಿ ತೋರಿಸಿ ಅನ್ನು. ತೋರಿಸಿದ ಮೇಲೆ ದುಡ್ಡು.

ಲತಾ_ಎಸ್‌ಎಸ್‌ಪುರಂ
ಹಾಗೇ ಮನೆಯಲ್ಲಿ ಟೇಪು ಹಿಡಿದು ಅಳೆದುಕೊಂಡು ಹೋಗಿ. ಟಿವಿಯಿಂದ ದಿವಾನದವರೆಗೆ.

ಬಟವಾಡಿ_ಹುಡುಗ
ಹೋಗಿ ಬಂದೆ. ಬಿಳೀ ಬಣ್ಣ, ಚಿಕ್ಕದು, ಇಟ್ಟಿಗೆ ಇಲ್ಲ. ಒನ್ ಎಸ್! ಅಡಾಪ್ಟರ್ ಎಲ್ಲಿ ಸಾರ್ ಅಂದೆ. ‘ಅದೇನು ಬಿಡಿ, ಬೆಂಗಳೂರಲ್ಲಿ ಎಸ್‌ಪಿ ರೋಡಲ್ಲಿ ಸಿಗುತ್ತೆ’ ಅಂದರು. ನಾನು ಸುಮ್ನೆ ನಿಂತೆ. ಅವರೇ 500 ಇಳಿಸಿದರು. ಬರೀ ಮಷಿನ್ 8,500ಕ್ಕೆ ತಂದೆ. ಕಿನೆಕ್ಟ್ ಅವರ ಷೋಕೇಸ್‌ನಲ್ಲೇ ಇದೆ, ಪಿಂಗಾಣಿ ಬಾತುಕೋಳಿ ಪಕ್ಕ.

ಹಾಲ್ ಅಳೆದೆ. ಟಿವಿಯಿಂದ ದಿವಾನಕ್ಕೆ ಏಳಡಿ. ಅಮ್ಮ ಅಳೆಯುವುದನ್ನು ನೋಡಿ ‘ಹೊಸ ಸೋಫಾ ತರುತ್ತೀಯಾ?’ ಅಂದರು.

ಲತಾ ಅಕ್ಕ, ತಂಗಿ ಮಗ ಈ ವಾರ ಬಂದಿದ್ದಾನೆ. ಭಾನುವಾರ ಒಂದರ್ಧ ಗಂಟೆ ನಿಮ್ಮ ಮನೆಗೆ ಕರೆದುಕೊಂಡು ಬರಲಾ? ಬೌಲಿಂಗ್ ಒಂದು ಸಲ ನೋಡಲಿ.

ಲತಾ_ಎಸ್‌ಎಸ್‌ಪುರಂ
ಬನ್ನಿ ಬನ್ನಿ. ಟೀಪಾಯಿ ಎತ್ತಿಡಲು ಹೇಗೂ ಒಬ್ಬರು ಬೇಕಿತ್ತು. ಅಮ್ಮನನ್ನೂ ಕರೆತನ್ನಿ. ಅತ್ತೆ ಈಗಲೇ ಕೇಳುತ್ತಿದ್ದಾರೆ, ‘ಆಕೆ ಎಷ್ಟು ಪಿನ್ ಬೀಳಿಸುತ್ತಾಳೆ?’ ಅಂತ.