ಡ್ರಾಯರ್‌ನಲ್ಲಿರುವ ಎರಡು ನೀಲಿ ಪಾಸ್‌ಪೋರ್ಟ್

ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ತುಂಬುತ್ತಿರುವ ನಮ್ಮವರೊಬ್ಬರು ಕೇಳಿದ್ದರು: "ಕೊಟ್ಟ ಮೇಲೂ ಸರ್ಕಾರ ಕಿತ್ಕೋಬಹುದಂತೆ, ನಿಜಾನಾ?" ನಿಜ. ಹಾಗಂತ ಅರ್ಜಿ ನಿಲ್ಲಿಸಬೇಡಿ, ಸ್ವಲ್ಪ ಓದಿ.

ನಮ್ಮನೆ ಡ್ರಾಯರ್‌ನಲ್ಲಿ ಮೂಲೆ ಕತ್ತರಿಸಿ 'ಕ್ಯಾನ್ಸಲ್ಡ್' ಅಂತ ಮುದ್ರೆ ಒತ್ತಿದ ನನ್ನ ಹಳೇ ಭಾರತದ ಪಾಸ್‌ಪೋರ್ಟ್ ಇದೆ. ಅದರ ಪಕ್ಕ ನನ್ನದೊಂದು, ಮಗಳದೊಂದು ಬ್ರಿಟನ್ನಿನ ನೀಲಿ ಪಾಸ್‌ಪೋರ್ಟ್. ನಾನೂ ಅವಳಮ್ಮನೂ ಇಲ್ಲಿನ ಪೌರರಾದ ಮೇಲೆ ಅವಳು ಇಲ್ಲೇ ಹುಟ್ಟಿದ್ದು. ನೋಡೋಕೆ ಎರಡೂ ಒಂದೇ. ಕಾನೂನಿಗೆ ಒಂದೇ ಅಲ್ಲ.

1981ರ ಬ್ರಿಟಿಷ್ ನ್ಯಾಷನಾಲಿಟಿ ಆಕ್ಟ್‌ನ 40ನೇ ಸೆಕ್ಷನ್ ಪ್ರಕಾರ 'ಸಾರ್ವಜನಿಕ ಹಿತ'ಕ್ಕಾಗಿ ಗೃಹ ಸಚಿವರು ಪೌರತ್ವ ರದ್ದು ಮಾಡಬಹುದು. ಆದರೆ ಯಾವ ದೇಶವೂ ಇಲ್ಲದಂತೆ ಮಾಡಬಾರದು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಪೌರತ್ವವೂ ಅಲ್ಲ. ಹಾಗಾಗಿ ಮಗಳಿಗೆ ಈ ಬೇಲಿ ಗಟ್ಟಿ. ನನ್ನ ಬೇಲಿಯಲ್ಲಿ 2014ರಲ್ಲಿ ಒಂದು ಕಂಡಿ ಮಾಡಿದರು. ಅರ್ಜಿ ಹಾಕಿ ಪೌರರಾದವರು (ಅಂದರೆ ನ್ಯಾಚುರಲೈಸ್ ಆದವರು) ದೇಶಕ್ಕೆ ಗಂಭೀರ ಹಾನಿ ಮಾಡಿದ್ದಾರೆ ಅನ್ನಿಸಿದರೆ, ಬೇರೆ ದೇಶದ ಪೌರತ್ವ ಅವರಿಗೆ ಸಿಗಬಹುದು ಅಂತ ನಂಬೋಕೆ ಕಾರಣವಿದ್ದರೆ ಸಾಕು, ರದ್ದು ಮಾಡಬಹುದು. ಅಂಥ ಕೆಲಸ ನಾನೇನೂ ಮಾಡಲ್ಲ, ಸರಿ. ಆದರೂ ಒಂದೇ ಮನೆಯಲ್ಲಿ ಎರಡು ದರ್ಜೆ ಅಲ್ವಾ?

ಲೆಕ್ಕ ಕೇಳೋರು ಯಾರು? 2014ರ ಕಂಡಿಯನ್ನು ಸ್ವತಂತ್ರವಾಗಿ ಪರಿಶೀಲಿಸಬೇಕು ಅಂತ ಕಾನೂನೇ ಹೇಳುತ್ತದೆ. 2016ರಲ್ಲಿ ಭಯೋತ್ಪಾದನಾ ಕಾನೂನುಗಳ ಆಗಿನ ಸ್ವತಂತ್ರ ಪರಿಶೀಲಕ ಡೇವಿಡ್ ಆಂಡರ್ಸನ್ ನೋಡಿ, ಅದನ್ನು ಅಲ್ಲಿಯವರೆಗೆ ಒಮ್ಮೆಯೂ ಬಳಸಿಲ್ಲ ಎಂದರು. ಒಟ್ಟು 'ಸಾರ್ವಜನಿಕ ಹಿತ'ದ ರದ್ದತಿಗಳ ಲೆಕ್ಕವನ್ನು ಸರ್ಕಾರ ವರದಿಯಲ್ಲಿ ಕೊಡುತ್ತದೆ: 2016ರಲ್ಲಿ 14, 2017ರಲ್ಲಿ 104. ಒಂದೇ ವರ್ಷದಲ್ಲಿ ಇಷ್ಟು ಜಾಸ್ತಿ! ಸಂಖ್ಯೆ ಇದೆ, ಒಬ್ಬೊಬ್ಬರ ಕಥೆ ಅದರಲ್ಲಿಲ್ಲ.

2022ರ ಕಾನೂನಿನಿಂದ ಕೆಲವು ಸಂದರ್ಭಗಳಲ್ಲಿ ನೋಟಿಸ್ ಕೊಡದೆಯೂ ರದ್ದು ಮಾಡಬಹುದು. ಸಂಸತ್ತಿನಲ್ಲಿ ಗಲಾಟೆಯಾದ ಮೇಲೆ, ಹಾಗೆ ಮಾಡಿದರೆ 7 ದಿನದೊಳಗೆ ಸರ್ಕಾರವೇ ಸಿಯಾಕ್ ಎಂಬ ವಿಶೇಷ ನ್ಯಾಯಮಂಡಳಿಯ ಮುಂದೆ ಹೋಗಬೇಕು ಅಂತ ಸೇರಿಸಿದರು. ರಹಸ್ಯ ಸಾಕ್ಷ್ಯ ಇರುವ ಪ್ರಕರಣಗಳ ಮೇಲ್ಮನವಿಯೂ ಅಲ್ಲಿಗೇ ಹೋಗುತ್ತದೆ. ನಿಮ್ಮ ವಿರುದ್ಧದ ರಹಸ್ಯ ಸಾಕ್ಷ್ಯವನ್ನು ಅಲ್ಲಿ ನಿಮಗೂ ತೋರಿಸಲ್ಲ, ನಿಮ್ಮ ವಕೀಲರಿಗೂ ತೋರಿಸಲ್ಲ. ಅದನ್ನು ನೋಡಿ ನಿಮ್ಮ ಹಿತಕ್ಕಾಗಿ ವಾದಿಸೋಕೆ ಸರ್ಕಾರದ ಕಡೆಯಿಂದಲೇ ಬೇರೆ ವಕೀಲರನ್ನು ನೇಮಿಸುತ್ತಾರೆ. ನೋಡಿದ ಮೇಲೆ ಅವರು ಅನುಮತಿ ಇಲ್ಲದೆ ನಿಮ್ಮ ಜೊತೆ ಮಾತಾಡುವಂತಿಲ್ಲ. ನನ್ನ ತಲೆ ಕೆಡಿಸಿದ್ದು ಇದೇ. ಸಾಲದ್ದಕ್ಕೆ 2025ರಲ್ಲಿ ಇನ್ನೊಂದು ಕಾನೂನು ಬಂತು. ನೀವು ಗೆದ್ದರೂ, ಸರ್ಕಾರದ ಮೇಲ್ಮನವಿಗಳು ಮುಗಿಯುವವರೆಗೆ ಪೌರತ್ವ ವಾಪಸ್ ಬರಲ್ಲ.

ನಮ್ಮಂಥವರಿಗೆ ಹತ್ತಿರದ್ದು ಇನ್ನೊಂದು ಕಾರಣ: ಸುಳ್ಳು ಹೇಳಿ ಅಥವಾ ಮುಖ್ಯ ವಿಷಯ ಮುಚ್ಚಿಟ್ಟು ಪೌರತ್ವ ಪಡೆದಿದ್ದರೆ. ಇದಕ್ಕೆ 'ದೇಶವಿಲ್ಲದಂತೆ ಮಾಡಬಾರದು' ಅನ್ನೋ ಬೇಲಿಯೂ ಇಲ್ಲ. ಆದ್ದರಿಂದ ಅರ್ಜಿಯನ್ನು ಏಜೆಂಟ್ ಕೈಗೆ ಸುಮ್ನೆ ಬಿಡಬೇಡಿ. ಪ್ರತಿ ಸಾಲನ್ನೂ ನೀವೇ ಓದಿ, ಪೂರ್ತಿ ಒಂದು ಪ್ರತಿ ಇಟ್ಟುಕೊಳ್ಳಿ. ನನ್ನದು ಅದೇ ಡ್ರಾಯರ್‌ನಲ್ಲಿ, ಪಾಸ್‌ಪೋರ್ಟ್‌ಗಳ ಕೆಳಗಿದೆ.