ಅಪ್‌ಡೇಟ್: ಅಪ್ಪನ ಧೋತರದ ಅರಿಷಿಣ ಕಲೆ ಹೋಯ್ತು, ಹೆಚ್ಚುಕಮ್ಮಿ

ಹೋದ ವಾರ ಕೇಳಿದ್ದೆನಲ್ಲ, ತಂಗಿ ಮದುವ್ಯಾಗ ಅಪ್ಪನ ಬಿಳಿ ಧೋತರಕ್ಕೆ ಅರಿಷಿಣ ಬಿದ್ದದ, ಮನ್ಯಾಗಿನ ಸಾಮಾನಿನಿಂದಲೇ ತೆಗೀಬೇಕು ಅಂತ. ಈಗ ಹೇಳ್ತೀನಿ ಏನಾಯ್ತು.

ಮೊದಲು ವಾಷಿಂಗ್ ಸೋಡಾ ಹಚ್ಚಿದೆ. ಕಲೆ ಕೆಂಪಗ ತಿರುಗಿಬಿಡ್ತು! "ಇನ್ನ ಇದು ನೆಲ ಒರೆಸೋ ಅರಿವಿನೇ" ಅಂದ್ಲು ಅವ್ವ. ಆಮ್ಯಾಲ ತಿಳೀತು, ಅರಿಷಿಣಕ್ಕ ಕ್ಷಾರ ತಾಗಿದ್ರ ಕೆಂಪಾಗ್ತದ, ಲಿಂಬಿ ರಸ ಬಿದ್ರ ಮತ್ತ ಹಳದಿ. ಕಲೆ ಮಾತ್ರ ಅಲ್ಲೇ ಇರ್ತದ. ವಿನಿಗರ್ ಜೊತಿ ಅಡುಗಿ ಸೋಡಾನೂ ಕಲಸಿ ನೋಡಿದೆ, ಬುರುಗು ಬಂತು ಅಷ್ಟೇ.

ಕೆಲಸ ಮಾಡಿದ್ದು ಬೀದರಿನ ಅಕ್ಕಾರು ಹೇಳಿದ್ದು: ಅಂಟವಾಳ ಕಾಯಿ ನೆನೆಸಿದ ನೀರಾಗ ತೊಳೆದು, ಹಸಿ ಇದ್ದಾಗಲೇ ಬಿಸಿಲಿಗೆ ಹಾಕ್ರಿ. ನಮ್ಮ ಕಲಬುರಗಿ ಬಿಸಿಲಿಗೇನು ಬರ? ಮಾಳಗಿ ಮ್ಯಾಲ ಎರಡು ದಿನ ಹರವಿದೆ, ಒಣಗಿದಾಗೊಮ್ಮೆ ನೀರು ಚಿಮುಕಿಸಿದೆ. ಬೆಳಕಿಗೆ ಅರಿಷಿಣದ ಬಣ್ಣ ಮುರಿದು ಹೋಗ್ತದಂತ. ಇಷ್ಟು ದಿನ ಬಿಸಿಲನ್ನ ಬೈದಿದ್ದಕ್ಕ ಕ್ಷಮಾ ಇರಲಿ.

ಅಂಚಿನ ಕಂದು ಚುಕ್ಕಿ ಮಾತ್ರ ಬಿಸಿಲಿಗೂ ಜಗ್ಗಲಿಲ್ಲ. ಅದು ಅರಿಷಿಣ ಅಲ್ಲವೇ ಅಲ್ಲ, ಬೋರ್ ನೀರಿನ ತುಕ್ಕು! ಲಿಂಬಿ ರಸ, ಉಪ್ಪು ಹಚ್ಚಿ ಅರ್ಧ ತಾಸು ಬಿಟ್ಟು ಚೆನ್ನಾಗಿ ಜಾಲಿಸಿದೆ, ಹೋಯ್ತು. ಬ್ಲೀಚ್ ಹಾಕು ಅಂದವರ ಮಾತು ಕೇಳಲಿಲ್ಲ, ಪುಣ್ಯ. ತುಕ್ಕಿಗೆ ಬ್ಲೀಚ್ ಬಿದ್ರ ಕಲೆ ಇನ್ನೂ ಗಟ್ಟಿ ಕೂಡ್ತದ.

ಜರಿ ಹತ್ರ ಒಂದು ಬಟ್ಟಿನಷ್ಟು ತಿಳಿ ಹಳದಿ ಉಳಿದದ. ಜರಿ ಕೆಟ್ಟೀತಂತ ಅಲ್ಲಿ ಮತ್ತ ಏನೂ ಹಚ್ಚೋ ಧೈರ್ಯ ಬರಲಿಲ್ಲ. ಅಪ್ಪ ಅದನ್ನ ಮಡಿಕಿ ಒಳಗ ಸೇರಿಸಿ ಉಡ್ತಾರ.