ಓದುಗರ ಸ್ಪಂದನ: ಅಕ್ಕನ ಪ್ರಾರ್ಥನೆಯ ನೋಟ್‌ಬುಕ್ ಯಾರ ಕೈಗೆ?

ಕಳೆದ ಸಂಚಿಕೆಯ ಸಮಸ್ಯೆ: ನನ್ನ ಅಕ್ಕ ಕಾಣೆಯಾಗಿ ನಾಲ್ಕು ತಿಂಗಳಾಯಿತು. ಬೆಳಿಗ್ಗೆ ಮಗನನ್ನು ಶಾಲೆಗೆ ಬಿಟ್ಟು ಹೊರಟವಳು ಮನೆಗೆ ಬರಲೇ ಇಲ್ಲ. ಪೊಲೀಸರು ಹುಡುಕುತ್ತಿದ್ದಾರೆ. ನಮ್ಮದು ಜಾಸ್ತಿ ಜನಕ್ಕೆ ಗೊತ್ತಿಲ್ಲದ ಸಣ್ಣ ಪಂಥ. ಅಕ್ಕನಿಗೆ ಅದರಲ್ಲಿ ತುಂಬಾ ನಂಬಿಕೆ. ಈಗ ಫೇಸ್‌ಬುಕ್, ಯೂಟ್ಯೂಬ್‌ನಲ್ಲಿ ಗುರುತು ಪರಿಚಯ ಇಲ್ಲದವರೆಲ್ಲ ಬರೆಯುತ್ತಿದ್ದಾರೆ. 'ಆ ಪಂಥದವರು ಹೆಂಗಸರನ್ನು ಕೂಡಿಹಾಕುತ್ತಾರಂತೆ', 'ಗಂಡನೇ ಏನೋ ಮಾಡಿದ್ದಾನೆ', 'ನಂಬಿಕೆ ಬಿಟ್ಟು ಓಡಿಹೋಗಿದ್ದಾಳೆ' ಅಂತೆಲ್ಲ. ಅಕ್ಕ ಪ್ರಾರ್ಥನೆ ಬರೆದಿಡುತ್ತಿದ್ದ ನೋಟ್‌ಬುಕ್ ನನ್ನ ಹತ್ತಿರ ಇದೆ. ಅದರ ನಾಲ್ಕು ಪುಟ ಹಾಕಿಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತದೆ ಅನಿಸುತ್ತದೆ. ಭಾವ ಬೇಡ ಅನ್ನುತ್ತಾರೆ. ಯಾಕೆ ಬೇಡ ಅನ್ನುತ್ತಾರೆ ಅಂತ ಒಮ್ಮೊಮ್ಮೆ ನನಗೇ ಸಂಶಯ ಬರುತ್ತದೆ. ಏನು ಮಾಡಲಿ?

ತಂಗೀ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ತಮ್ಮ ಕಾಣೆಯಾಗಿ ಆರು ವರ್ಷವಾಯಿತು. ಇನ್ನೂ ಸಿಕ್ಕಿಲ್ಲ. ಹಾಗಾಗಿ 'ಎಲ್ಲ ಸರಿಹೋಗುತ್ತದೆ' ಅಂತ ಬರೆಯುವ ಧೈರ್ಯ ನನಗಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಮಾತ್ರ ಹೇಳುತ್ತೇನೆ.

ಅವನು ಹೋದ ಮೊದಲ ತಿಂಗಳು ಜನ ಬಾಯಿಗೆ ಬಂದಂತೆ ಬರೆದರು. ಸಾಲ ಮಾಡಿ ಓಡಿದ ಅಂದರು. ಮನೆಯವರೇ ಹೊರಗೆ ಹಾಕಿದರು ಅಂದರು. ನನಗೆ ತಡೆಯಲಾಗಲಿಲ್ಲ. ಅವನು ಎಂಥವನು ಅಂತ ತೋರಿಸಬೇಕು ಅನ್ನುವ ಹಟಕ್ಕೆ ಬಿದ್ದು ಗೊತ್ತಿದ್ದನ್ನೆಲ್ಲ ಬರೆದೆ. ಎಡಗೈ ಮಣಿಕಟ್ಟಿನ ಹತ್ತಿರ ಇದ್ದ ಸುಟ್ಟ ಕಲೆ, ಅಮ್ಮನನ್ನು ಅವನು ಮಾತ್ರ ಕರೆಯುತ್ತಿದ್ದ ಮುದ್ದಿನ ಹೆಸರು, ಎಲ್ಲ. ಹತ್ತೇ ದಿನಕ್ಕೆ ಒಂದು ಫೋನ್ ಬಂತು. 'ನಿಮ್ಮ ಹುಡುಗ ನಮ್ಮ ಹತ್ತಿರ ಇದ್ದಾನೆ, ದುಡ್ಡು ಕಳಿಸಿ' ಅಂದ ಯಾವನೋ. ಕಲೆಯ ಗುರುತು ಹೇಳಿದ. ಆ ಮುದ್ದಿನ ಹೆಸರನ್ನೂ ಹೇಳಿದ. ಅಮ್ಮ ಅಲ್ಲೇ ಗೋಡೆಗೆ ಒರಗಿ ಕುಸಿದರು. ದುಡ್ಡು ಕಳಿಸಿದೆವು. ಆಮೇಲೆ ಆ ನಂಬರ್ ಸ್ವಿಚ್ ಆಫ್.

ಕಾಣೆಯಾದವರ ಮನೆಗೆ ಇಂಥ ಕರೆ ಬರುವುದು ಎಲ್ಲ ಕಡೆ ಇದ್ದದ್ದೇ ಅಂತ ನನಗೆ ಆಮೇಲೆ ಗೊತ್ತಾಯಿತು. ಅದಕ್ಕೇ ಮನೆಯವರಿಗೆ ಮಾತ್ರ ಗೊತ್ತಿರುವ ಒಂದೆರಡು ವಿಷಯ ಯಾವತ್ತೂ ಹೊರಗೆ ಬರಬಾರದು. ಯಾರಾದರೂ 'ಅವಳು ಸಿಕ್ಕಿದ್ದಾಳೆ' ಅಂದರೆ ಅದನ್ನೇ ಕೇಳಿ. ಪೊಲೀಸರೂ ಕೆಲವು ವಿವರ ಬೇಕೆಂದೇ ಹೇಳದೆ ಇಟ್ಟುಕೊಳ್ಳುತ್ತಾರೆ. ಸುಳಿವು ತಂದವನು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದಾನಾ, ಎಲ್ಲೋ ಓದಿದ್ದನ್ನು ಒಪ್ಪಿಸುತ್ತಿದ್ದಾನಾ ಅಂತ ಪತ್ತೆ ಹಚ್ಚಲು ಅದು ಬೇಕು. ನಿಮ್ಮ ಅಕ್ಕನ ನೋಟ್‌ಬುಕ್‌ನಲ್ಲಿ ಅಂಥದ್ದು ಎಷ್ಟಿದೆಯೋ ನಿಮಗೂ ತಿಳಿಯಲಿಕ್ಕಿಲ್ಲ. ಯಾರಿಗೋ ಪ್ರಾರ್ಥಿಸಿದ ಒಂದು ಹೆಸರು, ಅಂಚಿನಲ್ಲಿ ಬರೆದ ಒಂದು ತಾರೀಕು ಸಾಕು. ನಾಳೆ ಅಂತ ಮುಂದೂಡದೆ ಅದನ್ನು ತನಿಖೆ ಮಾಡುತ್ತಿರುವ ಅಧಿಕಾರಿಯ ಕೈಗೆ ಕೊಡಿ. ಗೆರೆ ಎಳೆಯಬೇಡಿ, ಪುಟ ಹರಿಯಬೇಡಿ. ಕೊಟ್ಟದ್ದಕ್ಕೆ ಬರಹದಲ್ಲಿ ರಸೀದಿ ಪಡೆಯಿರಿ.

ಕಾಮೆಂಟ್‌ಗಳಿಗೆ ಉತ್ತರ ಕೊಡಬೇಡಿ. ನೀವು ಉತ್ತರ ಬರೆದಷ್ಟೂ ಆ ಪೋಸ್ಟ್ ಮೇಲೆ ಬರುತ್ತದೆ, ಇನ್ನಷ್ಟು ಜನ ನೋಡುತ್ತಾರೆ. ಬೆದರಿಕೆ, ಹಸಿ ಸುಳ್ಳು ಇದ್ದರೆ ತಾರೀಕು, ಲಿಂಕ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಿ. ಆಮೇಲೆ ಫೇಸ್‌ಬುಕ್, ಯೂಟ್ಯೂಬ್‌ಗೆ ರಿಪೋರ್ಟ್ ಮಾಡಿ. ಮೊದಲೇ ರಿಪೋರ್ಟ್ ಮಾಡಿದರೆ ಪೋಸ್ಟ್ ಅಳಿಸಿಹೋಗಬಹುದು, ಸಾಕ್ಷಿಯೂ ಹೋಗುತ್ತದೆ. ಓದುವ ಕೆಲಸ ನೀವು ಮಾಡಬೇಡಿ. ಗಟ್ಟಿ ಮನಸ್ಸಿನ ಒಬ್ಬ ಗೆಳತಿಗೆ ವಹಿಸಿ. ನಿಮ್ಮ ಕಡೆಯಿಂದ ಒಂದೇ ಪೋಸ್ಟ್ ಇರಲಿ. ಅಕ್ಕನ ಈಚಿನ ಫೋಟೋ, ಆ ದಿನದ ಬಟ್ಟೆ, ಕೊನೆಗೆ ಕಂಡ ಜಾಗ ಮತ್ತು ಹೊತ್ತು, ಪೊಲೀಸರ ನಂಬರ್. ಕಾಮೆಂಟ್ ಬಂದ್ ಮಾಡಿಡಿ.

ಇನ್ನೊಂದು ಮಾತು. ಅಮೆರಿಕದ ಪಾಲಿನ್ ಬಾಸ್ ಎಂಬುವರು 1970ರ ದಶಕದಲ್ಲಿ, ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರ ಜೊತೆ ಕೂತು ಅಧ್ಯಯನ ಮಾಡಿದರು. ಹೋದರು ಅಂತ ಅಳಲೂ ಆಗದ, ಇದ್ದಾರೆ ಅಂತ ನಂಬಲೂ ಆಗದ ಈ ನೋವಿಗೆ ಅವರು ಬೇರೆಯೇ ಒಂದು ಹೆಸರು ಕೊಟ್ಟರು. ಅದನ್ನು ಓದಿದ ದಿನ ನಾನು ಮೊದಲ ಸಲ ನೆಮ್ಮದಿಯಿಂದ ಅತ್ತೆ. ಉತ್ತರ ಗೊತ್ತಿಲ್ಲದ ಆ ಖಾಲಿ ಜಾಗವನ್ನು ಏನಾದರೂ ಮಾಡಿ ತುಂಬಬೇಕು ಅನಿಸುತ್ತದೆ. ನೋಟ್‌ಬುಕ್ ಹಾಕಿಬಿಡೋಣ ಅಂತ ನಿಮಗೆ ಅನಿಸುವುದೂ ಅದಕ್ಕೇ ಇರಬೇಕು.
– ಒಬ್ಬ ಅಕ್ಕ

ನಾನು ಮೂವತ್ತು ವರ್ಷ ಪಾಠ ಮಾಡಿದವಳು. ನಂಬಿಕೆಯ ಬಗ್ಗೆ ಬರುವ ಗಾಳಿಸುದ್ದಿ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಒಂದು ನಿಜ ಸಂಗತಿ ಹೇಳಬೇಕು ಅನಿಸಿತು.

1980ರ ಆಗಸ್ಟ್ 17ರ ರಾತ್ರಿ, ಆಸ್ಟ್ರೇಲಿಯಾದ ಉಲುರು ಬಂಡೆಯ ಹತ್ತಿರ ಟೆಂಟ್ ಹಾಕಿದ್ದ ಒಂದು ಕುಟುಂಬದ ಹಸುಗೂಸು ಕಾಣೆಯಾಯಿತು. ಹೆಸರು ಅಜಾರಿಯಾ. ಮಗುವಿಗೆ ಇನ್ನೂ ಮೂರು ತಿಂಗಳೂ ತುಂಬಿರಲಿಲ್ಲ. ಡಿಂಗೋ ಎಂಬ ಕಾಡುನಾಯಿ ಹೊತ್ತೊಯ್ದಿತು ಅಂತ ತಾಯಿ ಲಿಂಡಿ ಚೇಂಬರ್ಲೇನ್ ಕೂಗಿಕೊಂಡರು. ಅವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರು, ಗಂಡ ಪಾದ್ರಿ. ಆ ಪಂಥದ ಬಗ್ಗೆ ಅಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ಕತೆ ಹುಟ್ಟಿತು. ಅಜಾರಿಯಾ ಅಂದರೆ 'ಕಾಡಿನಲ್ಲಿ ಕೊಡುವ ಬಲಿ' ಅಂತ ಯಾರೋ ಹಬ್ಬಿಸಿದರು. ನಿಜವಾದ ಅರ್ಥ 'ದೇವರು ನೆರವಾದನು' ಅಂತ. ಮಗುವಿಗೆ ತಾಯಿ ಹೊಲಿದಿದ್ದ ಒಂದು ಕಪ್ಪು ಫ್ರಾಕ್ ಕೂಡ ಬಲಿಯ ಗುರುತಾಗಿ ಹೋಯಿತು. ಆಕೆ ಕ್ಯಾಮೆರಾ ಮುಂದೆ ಸಾಕಷ್ಟು ಅಳಲಿಲ್ಲ ಎನ್ನುವುದೂ ಒಂದು ಆರೋಪ. 1982ರಲ್ಲಿ ಆ ತಾಯಿಗೆ ಜೀವಾವಧಿ ಶಿಕ್ಷೆಯಾಯಿತು. ಕಾರಿನಲ್ಲಿ ಮಗುವಿನ ರಕ್ತ ಸಿಕ್ಕಿತು ಅಂತ ನಂಬಿಸಿದ್ದರು. ಆಮೇಲೆ ಆ ಪರೀಕ್ಷೆಯೇ ತಪ್ಪು ಅಂತಾಯಿತು. 1986ರಲ್ಲಿ ಮಗುವಿನ ಅಂಗಿ ಡಿಂಗೋಗಳು ಓಡಾಡುವ ಜಾಗದಲ್ಲಿ ಸಿಕ್ಕಿತು, ತಾಯಿ ಹೊರಗೆ ಬಂದರು. 1988ರಲ್ಲಿ ಶಿಕ್ಷೆ ರದ್ದಾಯಿತು. ಡಿಂಗೋನೇ ಒಯ್ದದ್ದು ಅಂತ ಅಧಿಕೃತವಾಗಿ ಬರೆದುಕೊಟ್ಟದ್ದು 2012ರಲ್ಲಿ.

ಆಗ ಇಂಟರ್ನೆಟ್ ಇರಲಿಲ್ಲ, ನೋಡಿ. ಬಾಯಿಂದ ಬಾಯಿಗೆ, ಪತ್ರಿಕೆಯಿಂದ ಪತ್ರಿಕೆಗೆ ಹೋದದ್ದೇ ಇಷ್ಟು ಮಾಡಿತು. ಒಂದು ಹೆಸರನ್ನೇ ಬಲಿ ಅಂತ ಓದಿದವರು ಪ್ರಾರ್ಥನೆಯನ್ನು ಏನೆಂದು ಓದುತ್ತಾರೋ! 'ನನ್ನನ್ನು ಈ ಭಾರದಿಂದ ಬಿಡಿಸು ದೇವರೇ' ಅಂತ ನಾವೆಲ್ಲ ಎಷ್ಟು ಸಲ ಅಂದಿಲ್ಲ? ನಿಮ್ಮ ಅಕ್ಕನ ಪುಸ್ತಕದಲ್ಲಿ ಅಂಥ ಒಂದು ಸಾಲು ಇದ್ದರೂ ನಾಳೆ ಅದೇ ದೊಡ್ಡ ಸುದ್ದಿ. ನಂಬಿಕೆಯನ್ನು ಸಾಬೀತು ಮಾಡಲು ಹೋಗಬೇಡಿ, ಮಗಳೇ.
– ನಿವೃತ್ತ ಶಿಕ್ಷಕಿ

'ಸುಮ್ನೆ ಇರಿ' ಅಂತ ಬೇರೆಯವರು ನಿಮಗೆ ಬರೆಯಬಹುದು. ಆ ಮಾತು ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಹೆಂಗಸರ ಸಹಾಯ ಕೇಂದ್ರದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಜನ ಸುಮ್ಮನೆ ಊಹೆ ಮಾಡುತ್ತಿದ್ದಾರೆ, ನಿಜ. ಆದರೆ ನಿಮ್ಮ ಸಂಶಯ ಊಹೆ ಅಲ್ಲ. ನೀವು ಆ ಮನೆಯನ್ನು ಒಳಗಿಂದ ಕಂಡವರು.

ಭಾವ 'ಬೇಡ' ಅಂದದ್ದಕ್ಕೆ ಒಳ್ಳೆಯ ಕಾರಣವೂ ಇರಬಹುದು. ಹೆಂಡತಿಯ ಪ್ರಾರ್ಥನೆ ಊರವರ ಬಾಯಿಗೆ ಬೀಳುವುದು ಯಾವ ಗಂಡನಿಗೆ ಬೇಕು? ಹಾಗಂತ ಸಂಶಯವನ್ನು ನುಂಗಿಕೊಳ್ಳಬೇಡಿ. ಒಬ್ಬರೇ ಕೂತು ನೆನಪು ಮಾಡಿಕೊಳ್ಳಿ. ಅಕ್ಕನ ದುಡ್ಡು, ಫೋನ್ ಅವಳ ಕೈಯಲ್ಲೇ ಇತ್ತಾ? ನಿಮ್ಮ ಜೊತೆ ಮಾತಾಡುವಾಗ ಗಂಡ ಬಂದರೆ ಮಾತು ನಿಲ್ಲಿಸುತ್ತಿದ್ದಳಾ? ದೇವರ ಹೆಸರು ಹೇಳಿ ಯಾರಾದರೂ ಅವಳನ್ನು ಹೆದರಿಸುತ್ತಿದ್ದರಾ, ಹೊರಗೆ ಹೋಗದ ಹಾಗೆ ತಡೆಯುತ್ತಿದ್ದರಾ? ಬೇರೆ ಹೋಗುವ ಮಾತು ಆಡಿದ್ದಳಾ? ಹಿಂಸೆ ಇರುವ ಮನೆಯಲ್ಲಿ ಹೆಣ್ಣಿಗೆ ಅತಿ ಅಪಾಯದ ಹೊತ್ತು ಅವಳು ಬಿಟ್ಟು ಹೊರಡುವ ಹೊತ್ತೇ. ನೆನಪಾದದ್ದನ್ನು ತಾರೀಕು ಹಾಕಿ ಬರೆಯಿರಿ, ಪೊಲೀಸರಿಗೆ ಹೇಳಿ. ಒಬ್ಬರೇ ಹೋಗಿ, ಭಾವನ ಎದುರು ಬೇಡ.

ಹೀಗೆ ಮಾಡಿದರೆ ಭಾವನಿಗೆ ದ್ರೋಹ ಬಗೆದಂತೆ ಅಂತ ಅಂದುಕೊಳ್ಳಬೇಡಿ. ಯಾರೇ ಕಾಣೆಯಾದರೂ ಪೊಲೀಸರು ಮೊದಲು ಮನೆಯವರನ್ನೇ ವಿಚಾರಿಸುತ್ತಾರೆ. ಅವರು ತಪ್ಪಿಲ್ಲದವರಾದರೆ ಆ ವಿಚಾರಣೆಯೇ ಅವರ ಮೇಲಿನ ಮಾತನ್ನು ತೊಳೆಯುತ್ತದೆ. ಪಂಥದ ಹಿರಿಯರು 'ಮರ್ಯಾದೆ ಪ್ರಶ್ನೆ, ನಮ್ಮೊಳಗೇ ಇರಲಿ' ಅಂದರೂ ಕೇಳಬೇಡಿ.
– ಹೆಸರು ಬೇಡ

ಅಕ್ಕಾ, ನಿಮ್ಮ ಅಕ್ಕನ ಬಗ್ಗೆ ಬರೆದವರಲ್ಲಿ ನಾನಿಲ್ಲ. ಆದರೆ ಬೇರೆ ಒಬ್ಬರ ಬಗ್ಗೆ ಬರೆದಿದ್ದೇನೆ. 2023ರ ಜನವರಿ ಕೊನೆಯಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ, ನದಿ ಪಕ್ಕ ನಾಯಿ ಕರೆದುಕೊಂಡು ನಡೆಯುತ್ತಿದ್ದ ಇಬ್ಬರು ಮಕ್ಕಳ ತಾಯಿ ಕಾಣೆಯಾದರು. ಅವರ ಫೋನ್ ಬೆಂಚಿನ ಮೇಲೆ ಸಿಕ್ಕಿತು, ಆಫೀಸಿನ ಮೀಟಿಂಗ್ ಕರೆ ಇನ್ನೂ ಚಾಲೂ ಇತ್ತು. ನಾನು ಇಲ್ಲಿ ಹಾಸಿಗೆಯಲ್ಲಿ ಮಲಗಿ ರಾತ್ರಿ ಎರಡು ಗಂಟೆಗೆ ಅವರ ಸಂಗಾತಿಯ ಮುಖದ ವೀಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿ, 'ಈತ ಸುಳ್ಳು ಹೇಳುತ್ತಿದ್ದಾನೆ, ಕಣ್ಣು ನೋಡಿ' ಅಂತ ಬರೆದೆ. ಅದಕ್ಕೆ ಲೈಕ್ ಬಂದವು. ಖುಷಿಯಾಯಿತು.

ಅಲ್ಲಿಗೇ ಹೋಗಿ ಊರವರ ಮನೆಗಳ ವೀಡಿಯೊ ಮಾಡಿದವರು, ಕಾಡಿನಲ್ಲಿ ಅಗೆದವರೂ ಇದ್ದರು. ಪೊಲೀಸರು ಕೂಡ ಆಕೆಯ ಆರೋಗ್ಯ, ಕುಡಿತದ ಬಗ್ಗೆ ಹೇಳಬಾರದ ಖಾಸಗಿ ವಿಷಯ ಹೊರಗೆ ಹಾಕಿ ಎಲ್ಲರಿಂದ ಬೈಸಿಕೊಂಡರು. ಸುಮಾರು ಮೂರು ವಾರಕ್ಕೆ ಆಕೆಯ ಶವ ಅದೇ ನದಿಯಲ್ಲಿ ಸಿಕ್ಕಿತು. ಅಕಸ್ಮಾತ್ ನೀರಿಗೆ ಬಿದ್ದು ಸತ್ತರು ಅಂತ ಜೂನ್‌ನಲ್ಲಿ ವಿಚಾರಣೆ ಮುಗಿಯಿತು. ಆ ಮನುಷ್ಯ ಏನೂ ಮಾಡಿರಲಿಲ್ಲ. ನಾನು ನನ್ನ ಕಾಮೆಂಟ್ ಅಳಿಸಿದೆ. ಅಷ್ಟರಲ್ಲಿ ಎಷ್ಟು ಜನ ಓದಿದ್ದರೋ.

ನಿಮಗೆ ಹೇಳಬೇಕಾದ್ದು ಇಷ್ಟೇ. ಆಗ ಆಕೆಯ ಡೈರಿ ನಮ್ಮ ಕೈಗೆ ಸಿಕ್ಕಿದ್ದರೆ ನಮ್ಮ ಬಾಯಿ ಮುಚ್ಚುತ್ತಿರಲಿಲ್ಲ, ಅಕ್ಕಾ. ಇನ್ನೂ ಬೇಕು ಅನ್ನುತ್ತಿದ್ದೆವು.
– ತಪ್ಪೊಪ್ಪಿಕೊಂಡ ಒಬ್ಬ ತಮ್ಮ

ಎಲ್ಲರೂ ಅಕ್ಕನ ಬಗ್ಗೆ, ಭಾವನ ಬಗ್ಗೆ ಹೇಳುತ್ತಾರೆ. ನಾನು ಆ ಹುಡುಗನನ್ನು ನೆನೆಯುತ್ತಿದ್ದೇನೆ. ಅಮ್ಮ ಕೊನೆಗೆ ಬಿಟ್ಟು ಹೋದದ್ದು ತನ್ನನ್ನು ಅಂತ ಅವನಿಗೆ ಗೊತ್ತು. ಶಾಲೆಯಲ್ಲಿ ಯಾರಾದರೂ ಫೋನ್ ತೋರಿಸುವ ಮೊದಲು ನೀವೇ ಅವನಿಗೆ ಹೇಳಿ: 'ಅಮ್ಮ ಎಲ್ಲಿದ್ದಾಳೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದವರೂ ಏನೇನೋ ಬರೆಯುತ್ತಾರೆ. ಅಮ್ಮ ಹೋದದ್ದು ನಿನ್ನಿಂದ ಅಲ್ಲ. ಏನು ಕೇಳಬೇಕಾದರೂ ನನ್ನನ್ನು ಕೇಳು.' ಅವನ ಟೀಚರ್‌ಗೂ ವಿಷಯ ತಿಳಿಸಿ. ಅವನ ಫೋಟೋ ಯಾವ ಪೋಸ್ಟ್‌ನಲ್ಲೂ ಬೇಡ.
– ಇಬ್ಬರು ಮಕ್ಕಳ ತಂದೆ

ನಾನು ಕಾಣೆಯಾಗಿದ್ದವಳು. ಹತ್ತೊಂಬತ್ತು ದಿನ. ಯಾಕೆ ಹೋದೆ ಅಂತ ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಪೊಲೀಸರು ನನ್ನನ್ನು ಪತ್ತೆ ಮಾಡಿದಾಗ ಕೇಳಿದ ಮೊದಲ ಮಾತು, 'ನೀವು ಕ್ಷೇಮವಾಗಿದ್ದೀರಾ? ಮನೆಯವರಿಗೆ ಏನು ಹೇಳೋಣ?' ಪ್ರಾಯಕ್ಕೆ ಬಂದವರು ತಾವಾಗಿ ಹೋಗಿದ್ದರೆ, ಕ್ಷೇಮವಾಗಿದ್ದಾರೆ ಎಂದಷ್ಟೇ ಮನೆಗೆ ತಿಳಿಸಿ ವಿಳಾಸ ಹೇಳದಿರುವ ಪದ್ಧತಿ ಎಷ್ಟೋ ದೇಶಗಳಲ್ಲಿದೆ. ಆ ಒಂದು ಪ್ರಶ್ನೆಯಿಂದ ನನಗೆ ಉಸಿರು ಬಂತು.

ವಾಪಸ್ ಬಂದ ಮೇಲೆ ಫೋನ್ ತೆರೆದೆ. ನನ್ನ ಬಗ್ಗೆ ಬರೆದದ್ದನ್ನೆಲ್ಲ ಓದಿದೆ. ಪೂಜೆ ಬಿಟ್ಟಿದ್ದಳಂತೆ, ಬೇರೆ ಧರ್ಮಕ್ಕೆ ಸೇರಿದ್ದಾಳಂತೆ, ಅತ್ತೆ ಅನ್ನ ಹಾಕುತ್ತಿರಲಿಲ್ಲವಂತೆ. ಒಂದೂ ನಿಜ ಅಲ್ಲ. ಅದನ್ನೆಲ್ಲ ಮರೆತೆ ಅಂತಲೇ ಹೇಳಬಹುದು, ಬರೆದವರು ಯಾರೋ ಏನೋ. ಮರೆಯಲಾಗದ್ದು ಒಂದೇ. ನನ್ನ ತಂಗಿ, ನನ್ನ ಪರವಾಗಿ ವಾದ ಮಾಡಲು, ನಾನು ಅವಳಿಗೊಬ್ಬಳಿಗೇ ಕಳಿಸಿದ್ದ ಒಂದು ಮೆಸೇಜ್ ಹಾಕಿದ್ದಳು. ಪ್ರೀತಿಯಿಂದಲೇ ಹಾಕಿದ್ದು. ಆದರೂ ಆಮೇಲೆ ಒಂದು ವರ್ಷ ಅವಳಿಗೆ ನಾನು ಮನಸ್ಸಿನ ಮಾತು ಯಾವುದನ್ನೂ ಬರೆಯಲಿಲ್ಲ. ಬರೆಯಲು ಬೆರಳು ಬರುತ್ತಿರಲಿಲ್ಲ.

ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ 1926ರ ಡಿಸೆಂಬರ್‌ನಲ್ಲಿ ಹನ್ನೊಂದು ದಿನ ಕಾಣೆಯಾಗಿದ್ದರು. ಗಂಡನ ಮೇಲೆ ಎಲ್ಲರಿಗೂ ಗುಮಾನಿ, ಪತ್ರಿಕೆಗಳಲ್ಲಿ ಪುಟಗಟ್ಟಲೆ ಊಹೆ. ಹ್ಯಾರೊಗೇಟ್‌ನ ಒಂದು ಹೋಟೆಲಿನಲ್ಲಿ ಬೇರೆ ಹೆಸರಿನಲ್ಲಿ ಸಿಕ್ಕರು. ಮುಂದೆ ದೊಡ್ಡ ಆತ್ಮಕಥೆ ಬರೆದರೂ ಆ ಹನ್ನೊಂದು ದಿನದ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಅದು ಅವರ ಇಷ್ಟ. ನನಗೆ ಅದು ತುಂಬಾ ಧೈರ್ಯ ಕೊಟ್ಟಿತು.

ನಿಮ್ಮ ಅಕ್ಕ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಬಂದರೆ ಮೊದಲು ಓದುವುದು ನೀವು ಬರೆದದ್ದನ್ನೇ. 'ಅಕ್ಕಾ, ಎಲ್ಲಿದ್ದರೂ ಒಂದು ಸಲ ಯಾವುದಾದರೂ ಪೊಲೀಸ್ ಠಾಣೆಗೆ ಹೋಗಿ ಕ್ಷೇಮ ಅಂತ ಹೇಳು, ನಾವು ಯಾರೂ ಏನೂ ಕೇಳುವುದಿಲ್ಲ' ಅಂತ ಬರೆಯಿರಿ. ನಾನಾಗಿದ್ದರೆ ಆ ಸಾಲು ಓದಿ ಹೋಗುತ್ತಿದ್ದೆ. ನೋಟ್‌ಬುಕ್ ಪೊಲೀಸರು ವಾಪಸ್ ಕೊಟ್ಟ ಮೇಲೆ, ಅಕ್ಕ ಎಲ್ಲಿಡುತ್ತಿದ್ದರೋ ಅಲ್ಲೇ ಇಡಿ.
– ವಾಪಸ್ ಬಂದವಳು